ವೇದಿಕೆಯ ಮೇಲಿನ ಜೇಬುಗಳ್ಳತನ: ನಾನು ಕಲಿತ ಬಗೆ

ಪ್ರೇಕ್ಷಕರೊಬ್ಬರನ್ನು ವೇದಿಕೆಗೆ ಕರೆದು, ಅವರ ಕೈಗಡಿಯಾರ, ಪೆನ್ನು, ಪರ್ಸುಗಳನ್ನು ಅವರಿಗೇ ಗೊತ್ತಾಗದಂತೆ ತೆಗೆದು, ಒಂದೊಂದಾಗಿ ಎಲ್ಲರೆದುರು ಹಿಂದಿರುಗಿಸುವುದು ಜಾದೂ ಕಲೆಯ ಒಂದು ಪ್ರತ್ಯೇಕ ಶಾಖೆ. ಮೈಸೂರಿನ ಸುತ್ತಮುತ್ತ ಶಾಲಾ ವಾರ್ಷಿಕೋತ್ಸವಗಳಲ್ಲಿ, ಮದುವೆಯ ಆರತಕ್ಷತೆಗಳಲ್ಲಿ, ಗಣೇಶೋತ್ಸವದ ಪೆಂಡಾಲುಗಳಲ್ಲಿ ಇಸ್ಪೀಟು, ಹಗ್ಗ, ಕರವಸ್ತ್ರಗಳ ಜಾದೂ ಮಾಡಿಕೊಂಡಿದ್ದ ನಾನು ಇದರತ್ತ ತಿರುಗಿದ್ದಕ್ಕೆ ಒಂದು ಕಾರಣವಿತ್ತು. ಉಳಿದ ಜಾದೂಗಳಲ್ಲಿ ಗುಟ್ಟು ಜಾದೂಗಾರನೊಬ್ಬನ ಬಳಿ ಇರುತ್ತದೆ, ಇಡೀ ಸಭೆ ಅದರಿಂದ ಹೊರಗುಳಿಯುತ್ತದೆ. ಇಲ್ಲಿ ಮುಂದಿನ ಸಾಲಿನಲ್ಲಿ ಕೂತ ಮಗುವಿಗೂ ವಾಚು ಕಳಚಿದ್ದು ಕಾಣುತ್ತದೆ, ಕಾಣದೆ ಇರುವುದು ವಾಚಿನ ಒಡೆಯರಿಗೆ ಮಾತ್ರ. ಸಭಿಕರೆಲ್ಲ ನನ್ನ ಪಕ್ಷ ಸೇರಿ, ಉಕ್ಕುವ ನಗುವನ್ನು ತಡೆದುಕೊಂಡು, ಗುಟ್ಟನ್ನು ಕಾಯುತ್ತಾರೆ. ಈ ಪಾಲುದಾರಿಕೆ ನನಗೆ ಬೇರೆ ಯಾವ ಪ್ರಯೋಗದಲ್ಲೂ ಸಿಕ್ಕಿರಲಿಲ್ಲ.

ನಮ್ಮ ಕಡೆ ಇದನ್ನು ಎದುರು ಕೂರಿಸಿಕೊಂಡು ಕಲಿಸುವವರು ನನಗೆ ಸಿಗಲಿಲ್ಲ. ಯುಗೊಸ್ಲಾವಿಯ ಮೂಲದ ಬೋರಾ ಕಳೆದ ಶತಮಾನದಲ್ಲಿ ಯೂರೋಪಿನ ಸರ್ಕಸ್ ಅಂಕಣಗಳಲ್ಲಿ ಈ ಕಲೆಗೆ ಹೆಸರು ತಂದವರು. ಕಲ್ಕತ್ತೆಯಲ್ಲಿ ಬಹುಕಾಲ ಇದ್ದ ಜಾದೂಗಾರ ಎಡ್ಡಿ ಜೋಸೆಫ್ ಇದರ ಬಗ್ಗೆಯೇ ಒಂದು ಪುಸ್ತಕ ಬರೆದಿದ್ದರೆಂದು ತಿಳಿದಾಗ, ಈ ವಿದ್ಯೆ ನಮ್ಮ ನೆಲಕ್ಕೆ ತೀರಾ ಹೊಸದಲ್ಲವೆಂದು ಧೈರ್ಯ ಬಂತು. ನಮ್ಮ ಕಾಲದವರಲ್ಲಿ ಅಮೆರಿಕದ ಅಪೋಲೊ ರಾಬಿನ್ಸ್ ಮುಖ್ಯರು. ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಬೆಂಗಾವಲಿನ ಸೀಕ್ರೆಟ್ ಸರ್ವಿಸ್ ಅಧಿಕಾರಿಗಳ ಜೇಬಿನಿಂದಲೇ 2001ರಲ್ಲಿ ವಸ್ತುಗಳನ್ನು ತೆಗೆದು ತೋರಿಸಿದವರು ಅವರು. ಅವರ ವಿಡಿಯೊಗಳನ್ನು ನಾನು ಧ್ವನಿ ನಿಲ್ಲಿಸಿ, ವೇಗ ತಗ್ಗಿಸಿ, ಅವರ ಕೈಯನ್ನು ಬಿಟ್ಟು ಪಾದಗಳನ್ನೇ ನೋಡುತ್ತ ಅಭ್ಯಾಸ ಮಾಡಿದೆ. ಅವರು ಎಲ್ಲಿ ನಿಲ್ಲುತ್ತಾರೆ, ಯಾವಾಗ ಒಂದು ಹೆಜ್ಜೆ ಹತ್ತಿರ ಬರುತ್ತಾರೆ ಎಂಬುದರಲ್ಲಿ ಅರ್ಧ ವಿದ್ಯೆ ಅಡಗಿದೆ.

ಅಭ್ಯಾಸದ ಮೊದಲ ಸಲಕರಣೆಯ ಸುಳಿವು ಸಿಕ್ಕಿದ್ದು ಹಳೆಯ ಲಂಡನ್ ನಗರದ ಒಂದು ದಾಖಲೆಯಿಂದ. 1585ರಲ್ಲಿ ಅಲ್ಲಿನ ನ್ಯಾಯಾಧಿಕಾರಿ ವಿಲಿಯಂ ಫ್ಲೀಟ್‌ವುಡ್ ಬರೆದ ಪತ್ರವೊಂದರಲ್ಲಿ, ಬಿಲ್ಲಿಂಗ್ಸ್‌ಗೇಟ್ ಬಳಿಯ ಮದ್ಯದಂಗಡಿಯಲ್ಲಿ ವೊಟನ್ ಎಂಬಾತ ಹುಡುಗರಿಗೆ ಜೇಬುಗಳ್ಳತನ ಕಲಿಸುತ್ತಿದ್ದ ವಿವರವಿದೆ. ಸುತ್ತಲೂ ಸಣ್ಣ ಗಂಟೆಗಳನ್ನು ಕಟ್ಟಿದ ಜೇಬನ್ನು ತೂಗುಹಾಕಿ, ಗಂಟೆಯ ಸದ್ದಾಗದಂತೆ ಅದರೊಳಗಿನ ಬಿಲ್ಲೆಯನ್ನು ತೆಗೆಯುವುದು ಅಲ್ಲಿನ ಪರೀಕ್ಷೆಯಾಗಿತ್ತು. ಅದು ನಿಜವಾದ ಕಳ್ಳರ ಪಾಠಶಾಲೆ, ಆದರೆ ಪರೀಕ್ಷೆಯ ಕ್ರಮ ಮಾತ್ರ ಇಂದಿಗೂ ಸರಿಯಾದದ್ದು. ನಾನು ಹಳೆಯ ಕೋಟೊಂದನ್ನು ಹ್ಯಾಂಗರಿಗೆ ಹಾಕಿ, ಭರತನಾಟ್ಯದ ಸಾಮಾನಿನ ಅಂಗಡಿಯಲ್ಲಿ ಬಿಡಿ ಗೆಜ್ಜೆಗಳನ್ನು ತಂದು, ಜೇಬಿನ ಅಂಚಿಗೆ, ತೋಳಿಗೆ, ಕಾಲರಿಗೆ ಹೊಲಿದುಕೊಂಡೆ. ಮನೆಯವರು ಬೇರೆ ಕೋಣೆಯಲ್ಲಿದ್ದುಕೊಂಡೇ ನನ್ನ ಪ್ರಗತಿಯನ್ನು ಹೇಳಬಲ್ಲವರಾಗಿದ್ದರು. ಹ್ಯಾಂಗರಿಗೆ ಹಾಕಿದ ಕೋಟು ಉಸಿರಾಡುವುದಿಲ್ಲ, ತಿರುಗಿ ನೋಡುವುದಿಲ್ಲ. ಆದ್ದರಿಂದ ಈ ಅಭ್ಯಾಸ ಬೆರಳುಗಳಿಗೆ ಹದ ಕೊಡುತ್ತದೆಯೇ ಹೊರತು ಅದಕ್ಕಿಂತ ಮುಂದೆ ಒಯ್ಯುವುದಿಲ್ಲ.

ವಾಚು ತೆಗೆಯುವುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ಕಲೆಯ ತಿರುಳೆಲ್ಲ ಅದರಲ್ಲಿದೆ. ಕಲಿಕೆಗೆ ಚರ್ಮದ ಬೆಲ್ಟಿನ ವಾಚು ಒಳ್ಳೆಯದು. ಮೊದಲು ಸುರುಳಿ ಸುತ್ತಿದ ಟವೆಲ್ಲಿಗೆ, ಆಮೇಲೆ ನನ್ನದೇ ಎಡಗೈಗೆ, ಆಮೇಲೆ ತಮ್ಮನ ಕೈಗೆ ಕಟ್ಟಿ ಅಭ್ಯಾಸ ಮಾಡಿದೆ. ವೇದಿಕೆಗೆ ಬಂದವರ ಅಂಗೈಯಲ್ಲಿ ಒಂದು ನಾಣ್ಯವಿಟ್ಟು, ಮುಷ್ಟಿ ಕಟ್ಟಿಸಿ, ಮುಷ್ಟಿಯನ್ನು ಕೆಳಮುಖವಾಗಿ ತಿರುಗಿಸಿದರೆ ಬಕಲು ಮಣಿಕಟ್ಟಿನ ಅಡಿಗೆ ಹೋಗಿ ಅವರ ಕಣ್ಣಿಗೆ ಮರೆಯಾಗುತ್ತದೆ. ಹೆಬ್ಬೆರಳು ಮೇಲೆ, ಉಳಿದ ಬೆರಳುಗಳು ಕೆಳಗೆ ಇರುವಂತೆ ಮಣಿಕಟ್ಟನ್ನು ಹಿಡಿದಾಗ ನಡುಬೆರಳು ಬೆಲ್ಟಿನ ತುದಿಯನ್ನು ಲೂಪಿನಿಂದ ಹೊರಕ್ಕೆ ತಳ್ಳುತ್ತದೆ. ಮುಂದಿನದು ಕಠಿಣವಾದ ಕ್ಷಣ: ಬಕಲಿನ ಮುಳ್ಳು ತೂತಿನಿಂದ ಬಿಡಬೇಕಾದರೆ ಬೆಲ್ಟನ್ನು ಒಮ್ಮೆ ಬಿಗಿಯಾಗಿ ಹಿಂದಕ್ಕೆ ಎಳೆಯಲೇಬೇಕು, ಆ ಬಿಗಿತ ಯಾರಿಗಾದರೂ ಗೊತ್ತಾಗುತ್ತದೆ. ಗೊತ್ತಾಗಬಾರದೆಂದರೆ ಅದೇ ಕ್ಷಣದಲ್ಲಿ ಅದಕ್ಕಿಂತ ಬಲವಾದ ಇನ್ನೊಂದು ಒತ್ತಡ ಅವರಿಗೆ ಸಿಗಬೇಕು. "ನಾಣ್ಯವನ್ನು ಗಟ್ಟಿಯಾಗಿ ಹಿಡಿಯಿರಿ ಸರ್" ಎನ್ನುತ್ತ ಮಣಿಕಟ್ಟನ್ನು ಅದುಮಿ, ಮುಷ್ಟಿಯನ್ನು ಸ್ವಲ್ಪ ಮೇಲೆತ್ತುವುದು ಅದಕ್ಕಾಗಿ. ಮುಳ್ಳು ಬಿಟ್ಟ ಮೇಲೆ ಬೆಲ್ಟಿನ ಎರಡು ತುದಿಗಳೂ ಚರ್ಮಕ್ಕೆ ಬಡಿಯದಂತೆ ಬೆರಳ ನಡುವೆ ಹಿಡಿದು, ಕೈಯನ್ನು ನಿಧಾನವಾಗಿ ಸರಿಸಬೇಕು. ಅವಸರದಿಂದ ಕಿತ್ತರೆ ಗಾಳಿ ತಾಗಿದ ತಂಪೊಂದೇ ಸಾಕು, ಅವರ ಕಣ್ಣು ಮಣಿಕಟ್ಟಿನ ಕಡೆ ಹೋಗುತ್ತದೆ.

ಬಲವಾಗಿ ಅದುಮಿದ ಮೇಲೆ ಕೈ ತೆಗೆದರೂ ಆ ಒತ್ತಡದ ಅನುಭವ ಚರ್ಮದಲ್ಲಿ ಕೆಲಹೊತ್ತು ಉಳಿಯುತ್ತದೆ, ಆದ್ದರಿಂದ ವಾಚು ಇನ್ನೂ ಅಲ್ಲೇ ಇದೆಯೆಂದು ಒಡೆಯರಿಗೆ ಅನಿಸುತ್ತಿರುತ್ತದೆ. ದಿನವಿಡೀ ಕಟ್ಟಿಕೊಂಡ ವಾಚಿನ ಭಾರವನ್ನು ಮೈ ಮರೆತೇ ಇರುವುದೂ ನಮಗೆ ಅನುಕೂಲ. ಕಣ್ಣಿನ ವಿಷಯದಲ್ಲೂ ಇಂಥ ನಿಯಮವಿದೆ. ರಾಬಿನ್ಸ್ ಅವರೊಂದಿಗೆ ಸೇರಿ ನರವಿಜ್ಞಾನಿಗಳಾದ ಸ್ಟೀಫನ್ ಮ್ಯಾಕ್ನಿಕ್ ಮತ್ತು ಸುಸಾನಾ ಮಾರ್ಟಿನೆಜ್ ಕಾಂಡೆ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಜಾದೂಗಾರನ ಕೈ ನೇರವಾಗಿ ಚಲಿಸುವುದಕ್ಕಿಂತ ಬಿಲ್ಲಿನಂತೆ ಬಾಗಿ ಚಲಿಸಿದಾಗ ನೋಡುವವರ ಗಮನ ಹೆಚ್ಚು ಚೆನ್ನಾಗಿ ಬೇರೆಡೆ ಸರಿಯುತ್ತದೆಂದು ತೋರಿಸಿತು. ನೇರ ಚಲನೆಯಲ್ಲಿ ಕಣ್ಣು ಕೊನೆಯ ಬಿಂದುವಿಗೆ ನೆಗೆದು ಮತ್ತೆ ಹೊರಟಲ್ಲಿಗೆ ಮರಳುತ್ತದೆ, ಬಾಗಿದ ಚಲನೆಯನ್ನು ಅದು ಹಿಂಬಾಲಿಸುತ್ತಲೇ ಹೋಗುತ್ತದೆ. ಇದನ್ನು ಓದಿದ ಮೇಲೆ ನಾನು ನಾಣ್ಯ ಹಿಡಿದ ಕೈಯನ್ನು ಬೇಕೆಂದೇ ಕಮಾನಿನ ಹಾಗೆ ಎತ್ತತೊಡಗಿದೆ. ಇನ್ನೊಂದು ಕೈಗೆ ಬೇಕಾದ ಬಿಡುವು ಅದರಿಂದ ಸಿಕ್ಕಿತು.

ಆದರೆ ಬೆರಳು ಮತ್ತು ಕಣ್ಣುಗಳಿಗಿಂತ ದೊಡ್ಡ ಪಾಠ ಸ್ಪರ್ಶದ್ದು. ಅಪರಿಚಿತರೊಬ್ಬರು ಮೈಮುಟ್ಟಿದರೆ ಯಾರೂ ಸುಮ್ಮನಿರುವುದಿಲ್ಲ. ಅದಕ್ಕಾಗಿ ಮೊದಲ ಸ್ಪರ್ಶಗಳೆಲ್ಲ ಕಾರಣವುಳ್ಳವಾಗಿರಬೇಕು: ಮೆಟ್ಟಿಲು ಹತ್ತುವಾಗ ಕೈ ಕೊಡುವುದು, ಸಭೆಯ ಕಡೆ ಮುಖ ಮಾಡಿಸಲು ಭುಜ ಹಿಡಿದು ತಿರುಗಿಸುವುದು, ಮೈಕಿನ ವಯರು ತೊಡರದಂತೆ ಮೊಣಕೈ ಹಿಡಿದು ಸರಿಸುವುದು. ಇವೆಲ್ಲ ಮುಗಿಯುವ ಹೊತ್ತಿಗೆ ನನ್ನ ಕೈ ಅವರಿಗೆ ಪರಿಚಿತವಾಗಿರುತ್ತದೆ, ವಾಚಿನ ಬಳಿ ಬಂದ ಕೈ ಬೇರೆಯದೆನಿಸುವುದಿಲ್ಲ. ಈ ವಿಶ್ವಾಸ ಬೆಳೆಯುವ ಮುಂಚೆ ಏನನ್ನೂ ತೆಗೆಯಬಾರದೆಂದು ನಾನು ಕಟ್ಟುನಿಟ್ಟಾಗಿ ಪಾಲಿಸುತ್ತೇನೆ. ಮುಟ್ಟಿದಾಗ ಹಿಂಜರಿದವರನ್ನು ಇನ್ನೊಂದು ಸಣ್ಣ ಜಾದೂ ತೋರಿಸಿ, ಚಪ್ಪಾಳೆ ಹೊಡೆಸಿ, ಗೌರವದಿಂದ ಅವರ ಜಾಗಕ್ಕೆ ಕಳುಹಿಸಿಕೊಡುತ್ತೇನೆ.

ಪಾಶ್ಚಾತ್ಯರ ಪಾಠಗಳೆಲ್ಲ ಕೋಟಿನ ಒಳಜೇಬನ್ನು ನಂಬಿದವು. ನಮ್ಮಲ್ಲಿ ಕೋಟು ಕಾಣುವುದು ಆರತಕ್ಷತೆಯ ವರನ ಮೈಮೇಲೆ ಮತ್ತು ಕಂಪನಿಗಳ ಸಮಾರಂಭಗಳಲ್ಲಿ. ಉಳಿದಂತೆ ತುಂಬುತೋಳಿನ ಅಂಗಿ, ಜುಬ್ಬಾ, ಪಂಚೆ, ಹೆಗಲ ಮೇಲೆ ಶಲ್ಯ. ಅಂಗಿಯ ಎದೆಜೇಬಿನ ಪೆನ್ನು ಮತ್ತು ಕನ್ನಡಕದ ಡಬ್ಬಿ ನಮಗೆ ಒಳ್ಳೆಯ ಆರಂಭ. ಶಲ್ಯವನ್ನು ಸರಿಪಡಿಸುವ ನೆಪದಲ್ಲಿ ಕೈಗೆ ಒಳ್ಳೆಯ ಮರೆಯೂ ಸಿಗುತ್ತದೆ. ಪ್ಯಾಂಟಿನ ಹಿಂಜೇಬಿಗೆ ನಮ್ಮ ಟೈಲರುಗಳು ಗುಂಡಿ ಹೊಲಿಯುವ ರೂಢಿ ಇರುವುದರಿಂದ ಪರ್ಸಿನ ಆಸೆಯನ್ನು ಬಹುಮಟ್ಟಿಗೆ ಬಿಟ್ಟಿದ್ದೇನೆ. ಮೊಬೈಲನ್ನು ಮುಟ್ಟುವುದಿಲ್ಲ, ಕೆಳಗೆ ಬಿದ್ದರೆ ನಗುವೆಲ್ಲ ಅಲ್ಲಿಗೇ ನಿಂತುಹೋಗುತ್ತದೆ.

ಕೆಲವು ವಸ್ತುಗಳ ವಿಷಯದಲ್ಲಿ ಕೌಶಲದ ಪ್ರಶ್ನೆಯೇ ಬರುವುದಿಲ್ಲ. ಹೆಣ್ಣುಮಕ್ಕಳ ಮಾಂಗಲ್ಯ, ಬಳೆ, ಸರಗಳನ್ನು, ಕೊರಳಲ್ಲಿ ಧರಿಸಿದ ಇಷ್ಟಲಿಂಗದ ಕರಡಿಗೆಯನ್ನು, ಜನಿವಾರವನ್ನು, ತಾಯತವನ್ನು ಮುಟ್ಟುವಂತಿಲ್ಲ. ಪರ್ಸು ಕೈಗೆ ಬಂದರೂ ಅದನ್ನು ತೆರೆಯುವಂತಿಲ್ಲ. ಪಾನಮತ್ತರನ್ನೂ, ಸಭೆಯಲ್ಲಿ ಯಾರಾದರೂ ಗೇಲಿ ಮಾಡಲೆಂದೇ ಮುಂದೆ ತಳ್ಳಿದವರನ್ನೂ ನಾನು ಆರಿಸುವುದಿಲ್ಲ. ಮದುವೆಮನೆಯಲ್ಲಾದರೆ ಹುಡುಗಿಯ ಸೋದರಮಾವ ಬಹಳ ಒಳ್ಳೆಯ ಜೊತೆಗಾರ. ಎರಡೂ ಕಡೆಯವರಿಗೆ ಬೇಕಾದವರು, ಓಡಾಟದಲ್ಲಿ ಲವಲವಿಕೆಯಿಂದ ಇರುವವರು, ನಗಿಸಿದರೆ ನಗುವವರು.

ತೆಗೆದದ್ದಕ್ಕಿಂತ ಹಿಂದಿರುಗಿಸುವುದರಲ್ಲಿ ಹೆಚ್ಚು ಸಮಯ ಕೊಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ವಾಚು ಕೈಗೆ ಬಂದ ಮೇಲೆ ಅವರ ಬೆನ್ನ ಹಿಂದೆ ಅದನ್ನು ಎತ್ತಿ ಸಭೆಗೆ ತೋರಿಸುತ್ತೇನೆ. ನಾಣ್ಯದ ಜಾದೂ ಮುಗಿಸಿ, "ಯಜಮಾನರೇ, ಗಂಟೆ ಎಷ್ಟಾಯಿತು?" ಎಂದು ಕೇಳುತ್ತೇನೆ. ಅವರು ಮಣಿಕಟ್ಟು ನೋಡಿಕೊಂಡು, ಇನ್ನೊಂದು ಕೈಯನ್ನೂ ನೋಡಿಕೊಂಡು, ತಲೆಯೆತ್ತಿದಾಗ ಬರುವ ನಗುವಿನಲ್ಲಿ ಅವರೂ ಸೇರಿದರೆ ಮಾತ್ರ ಪ್ರದರ್ಶನ ಗೆದ್ದಂತೆ. ವಾಚನ್ನು ನಾನೇ ಅವರ ಕೈಗೆ ಕಟ್ಟುತ್ತೇನೆ. ಕಟ್ಟುತ್ತಿರುವಾಗಲೇ ಎದೆಜೇಬಿನ ಪೆನ್ನು ನನ್ನ ಕೈಗೆ ಬರುತ್ತದೆ, ಏಕೆಂದರೆ ವಾಚು ಸಿಕ್ಕಿದ ಸಮಾಧಾನದಲ್ಲಿ ಅವರ ಎಚ್ಚರವೆಲ್ಲ ಮಣಿಕಟ್ಟಿನಲ್ಲೇ ಇರುತ್ತದೆ. ಎಚ್ಚರವಾಗಿದ್ದವರನ್ನೇ ಮತ್ತೊಮ್ಮೆ ಅಚ್ಚರಿಗೊಳಿಸುವ ಈ ಭಾಗ ಮಾಡುವಾಗ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಕೊನೆಗೆ, ಅವರು ಕೆಳಗಿಳಿಯುವ ಮುನ್ನ, ತಮ್ಮ ವಸ್ತುಗಳೆಲ್ಲ ಇವೆಯೇ ಎಂದು ಮೈಕಿನಲ್ಲಿಯೇ ಕೇಳಿ, ಅವರ ಬಾಯಿಂದ ಹೌದೆನ್ನಿಸುತ್ತೇನೆ.

ಇದನ್ನು ಕಲಿಸಿಕೊಡಿ ಎಂದು ಬರುವ ಹುಡುಗರಿಗೆ ನಾನು ಮೊದಲು ಕಾನೂನಿನ ಮಾತು ಹೇಳುತ್ತೇನೆ. ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಲ್ಲಿ ಕಳ್ಳತನಕ್ಕೆ ಅಪ್ರಾಮಾಣಿಕ ಉದ್ದೇಶ ಇರಬೇಕೆಂದಿದೆ. ವೇದಿಕೆಯ ಬೆಳಕಿನಲ್ಲಿ, ಸಭೆಯ ಎದುರು, ಹಿಂದಿರುಗಿಸಲೆಂದೇ ತೆಗೆಯುವುದು ಒಂದು. ಅಭ್ಯಾಸದ ಹೆಸರಿನಲ್ಲಿ ಬಸ್ಸಿನಲ್ಲೋ ಸಂತೆಯಲ್ಲೋ ಕೈಹಾಕುವುದು ಬೇರೆಯೇ. ಅಲ್ಲಿ ನಿಮ್ಮ ಮನಸ್ಸಿನಲ್ಲಿದ್ದುದನ್ನು ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಅಭ್ಯಾಸಕ್ಕೆ ಒಪ್ಪಿಗೆ ಕೊಟ್ಟ ಗೆಳೆಯರೂ ಬಂಧುಗಳೂ ಸಾಕು. ಅವರು ಮೊದಲೇ ಎಚ್ಚರದಿಂದಿರುವುದರಿಂದ ವೇದಿಕೆಯ ಪ್ರೇಕ್ಷಕರಿಗಿಂತ ಕಷ್ಟದ ಪರೀಕ್ಷಕರು.

ಈಚೆಗೆ ವಾಚುಗಳೇ ಬದಲಾಗುತ್ತಿವೆ. ಚೈನಿನ ವಾಚಿನ ಕೊಂಡಿ ಬಿಚ್ಚುವುದು ಸುಲಭ, ಬೆರಳಗಂಟುಗಳನ್ನು ದಾಟಿಸುವುದು ಕಷ್ಟ. ಅದಕ್ಕೆ ಮುಷ್ಟಿ ಕಟ್ಟಿಸದೆ, ಅಂಗೈಯಲ್ಲಿ ಇಸ್ಪೀಟಿನ ಎಲೆ ಹಿಡಿಸಿ, ಬೆರಳುಗಳನ್ನು ಉದ್ದಕ್ಕೆ ಚಾಚಿಸಿ ದಾರಿ ಮಾಡಿಕೊಂಡಿದ್ದೇನೆ. ಸ್ಮಾರ್ಟ್‌ವಾಚಿನ ರಬ್ಬರ್ ಬೆಲ್ಟುಗಳಲ್ಲಿ ಕೆಲವಕ್ಕೆ ತುದಿಯನ್ನು ಒಳಗೆ ತೂರಿಸುವ ಏರ್ಪಾಡಿದ್ದು, ಆ ತುದಿ ಚರ್ಮಕ್ಕೆ ತಾಗಿಕೊಂಡೇ ಕೂತಿರುತ್ತದೆ, ಎಳೆದರೆ ಉದ್ದಕ್ಕೂ ಉಜ್ಜುತ್ತದೆ. ಅದಕ್ಕೆ ಒಪ್ಪುವ ಒತ್ತಡ ಯಾವುದು, ಕೈಯನ್ನು ಯಾವ ಕಡೆಗೆ ತಿರುಗಿಸಿದರೆ ಆ ಉಜ್ಜುವಿಕೆ ಮುಚ್ಚಿಹೋಗುತ್ತದೆ ಎಂಬುದನ್ನು ಈಗ ತಮ್ಮನ ಕೈಯ ಮೇಲೆಯೇ ಹುಡುಕುತ್ತಿದ್ದೇನೆ.