ಕಂಪೈಲರಿಗಲ್ಲದ ಟಿಪ್ಪಣಿಗಳು

ಕಾಸರಗೋಡಿನ ಅಡಿಕೆ ಅಂಗಡಿಗಳಿಗೆ ಕನ್ನಡ, ಮಲಯಾಳ ಎರಡರಲ್ಲೂ ಬಿಲ್ಲು ಕೊಡುವ ಪುಟ್ಟ ಪ್ರೋಗ್ರಾಮಿಂಗ್ ಭಾಷೆಯೊಂದರ ಕಂಪೈಲರ್ (ಬರೆದ ಕೋಡನ್ನು ಯಂತ್ರ ನಡೆಸುವ ರೂಪಕ್ಕೆ ತರುವ ಟೂಲು) ಇದು. ಇದರಲ್ಲಿ ಮೂರು ಬಗೆಯ ಟಿಪ್ಪಣಿಗಳಿವೆ. @ಮುದ್ರಣ.ಅಗಲ(32) ಮುದ್ರಣದ ಟೂಲಿಗೆ: 58 ಮಿ.ಮೀ. ಥರ್ಮಲ್ ಪ್ರಿಂಟರಿನಲ್ಲಿ ಸಾಲಿಗೆ 384 ಚುಕ್ಕಿ, 12 ಚುಕ್ಕಿಯ ಅಕ್ಷರವಾದರೆ 32. @ಅನುವಾದ.ಸೂಚನೆ("ಪಟೋರ ದರ್ಜೆಯ ಹೆಸರು, ಹಾಗೇ ಇರಲಿ") ಅನುವಾದಕರಿಗೆ. @ತಪಾಸಣೆ.ಬಿಡು ಲಿಂಟರಿಗೆ, ಅಂದರೆ ಕೋಡಿನ ತಪ್ಪು ಹುಡುಕುವ ಟೂಲಿಗೆ: ಇಲ್ಲಿ ಎಚ್ಚರಿಸಬೇಡ. ಕಂಪೈಲರಿಗೆ ಈ ಮೂರರಲ್ಲೂ ಕೆಲಸವಿಲ್ಲ.

ಮೊದಲು ಇವನ್ನು ಕಮೆಂಟಿನಲ್ಲೇ ಇಟ್ಟೆವು. ಕಮೆಂಟು ಯಾವ ಹೇಳಿಕೆಗೆ ಸೇರಿದ್ದೆಂದು ಕೋಡಿನ ರಚನೆ ಓದುವ ಪಾರ್ಸರಿಗೆ ತಿಳಿಯದು. ಕೋಡನ್ನು ಅಂದವಾಗಿ ಜೋಡಿಸುವ ಫಾರ್ಮ್ಯಾಟರ್ ಸಾಲು ಮುರಿದರೆ ಪಕ್ಕದ ಹೇಳಿಕೆಗೆ ಅಂಟಿಕೊಳ್ಳುತ್ತದೆ. ಸಿ ಭಾಷೆಯಲ್ಲೂ ಇದೇ ಪಾಡು. ಸ್ವಿಚ್‌ನಲ್ಲಿ ಒಂದು ಕೇಸ್‌ನಿಂದ ಮುಂದಿನದಕ್ಕೆ ಜಾರಿದರೆ ಜಿಸಿಸಿ 7 ಎಂಬ ಕಂಪೈಲರ್, ಹೆಚ್ಚುವರಿ ಎಚ್ಚರಿಕೆ ಕೇಳಿದ್ದರೆ, ಎಚ್ಚರಿಸುತ್ತದೆ, ‘ಫಾಲ್ ಥ್ರೂ’ ಎಂಬ ಕಮೆಂಟು ಕಂಡರೆ ಸುಮ್ಮನಾಗುತ್ತದೆ. ಮೊದಲೇ ಪ್ರಿಪ್ರೊಸೆಸ್ ಮಾಡಿದ (ಕಂಪೈಲಿಗೆ ಮುಂಚಿನ ಹಂತ ದಾಟಿಸಿದ) ಕಡತ ಕೊಟ್ಟರೆ ಕಮೆಂಟು ಉದುರಿಹೋಗಿ ಎಚ್ಚರಿಕೆ ಮತ್ತೆ ಬರುತ್ತದೆ. ಸಿ++ ಭಾಷೆಯ 2017ರ ಆವೃತ್ತಿ ಸಿ++17 ಇದಕ್ಕೇ ಆಟ್ರಿಬ್ಯೂಟ್, ಅಂದರೆ ವ್ಯಾಕರಣದಲ್ಲೇ ಇರುವ ಟಿಪ್ಪಣಿ, ತಂದಿತು.

ಹಾಗಾಗಿ ಟಿಪ್ಪಣಿ ವ್ಯಾಕರಣದೊಳಗೇ ಬಂತು. ಗೊತ್ತಿಲ್ಲದ ಟಿಪ್ಪಣಿಯನ್ನು ಏನು ಮಾಡಬೇಕು? ಸಿ++17 ಕಡೆಗಣಿಸಿ ಎನ್ನುತ್ತದೆ. ರಸ್ಟ್ ಭಾಷೆ ದೋಷವೆನ್ನುತ್ತದೆ, ಕ್ಲಿಪ್ಪಿ, ರಸ್ಟ್‌ಫಾರ್ಮ್ಯಾಟ್‌ನಂಥ ಟೂಲುಗಳ ಹೆಸರಿನಿಂದ ಶುರುವಾದರೆ ಮಾತ್ರ ಬಿಡುತ್ತದೆ. ನಾವು ರಸ್ಟ್ ದಾರಿ ಹಿಡಿದೆವು. ಚುಕ್ಕಿಯಿಲ್ಲದ ಹೆಸರು ಕಂಪೈಲರಿನದ್ದು, ತಪ್ಪಿದರೆ ದೋಷ. ಚುಕ್ಕಿಯ ಹಿಂದಿನ ಹೆಸರು ಪ್ರಾಜೆಕ್ಟ್ ಕಡತದಲ್ಲಿದ್ದರೆ ಕಂಪೈಲರ್ ಮೌನ, ಇಲ್ಲದಿದ್ದರೆ ಕಡತಕ್ಕೊಂದೇ ಎಚ್ಚರಿಕೆ. ಪ್ರತಿ ಸಾಲಿಗೂ ಎಚ್ಚರಿಸಿದರೆ ಜನ ಎಚ್ಚರಿಕೆಯನ್ನೇ ನಿಲ್ಲಿಸಿಬಿಡುತ್ತಾರೆ.

ಆವರಣದೊಳಗಿನದ್ದನ್ನು ಕಂಪೈಲರ್ ಅರ್ಥಮಾಡಿಕೊಳ್ಳುವುದಿಲ್ಲ. ಟೋಕನ್ (ಪದದಂಥ ತುಂಡು) ಮಾಡುತ್ತದೆ, ಆವರಣ ಮುಚ್ಚಿದೆಯೇ ನೋಡುತ್ತದೆ, ಸಾಲು-ಕಾಲಮಿನೊಂದಿಗೆ ಪಾರ್ಸರ್ ಕಟ್ಟಿದ ಮರದ ಗಂಟಿಗೆ ಕಟ್ಟಿಡುತ್ತದೆ. ಟಿಪ್ಪಣಿ ತೆಗೆದು ಕಂಪೈಲ್ ಮಾಡಿದರೂ ಹೊರಬರುವ ಕೋಡು ಬೈಟಿಗೆ ಬೈಟ್ ಒಂದೇ ಇರಬೇಕು; ಪ್ರತಿ ಬಿಲ್ಡ್‌ನಲ್ಲೂ ಇದೇ ಪರೀಕ್ಷೆ. ಡೀಬಗ್ (ದೋಷ ಹುಡುಕಲು ಜೊತೆಗಿಡುವ) ಮಾಹಿತಿಯ ಸಾಲಿನ ಸಂಖ್ಯೆ ಬದಲಾಗಿ ಇದು ಸುಳ್ಳೇ ಸೋಲುತ್ತಿತ್ತು, ಆದ್ದರಿಂದ ಆ ಭಾಗ ಬಿಟ್ಟು ಹೋಲಿಸುತ್ತೇವೆ.

ನಿಜವಾಗಿ ಕಾಡಿದ್ದು ಲಿಪಿ. ಕನ್ನಡದ ‘ೊ’ ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಎರಡು ತುಂಡಾಗಿಯೂ ಬರಬಹುದು. ಕಣ್ಣಿಗೆ ಎರಡೂ ಒಂದೇ. ಟಿಪ್ಪಣಿಯ ಹೆಸರನ್ನು ಎನ್‌ಎಫ್‌ಸಿಗೆ, ಅಂದರೆ ಇಂಥ ತುಂಡುಗಳನ್ನು ಕೂಡಿಸುವ ಯೂನಿಕೋಡಿನ ಏಕರೂಪಕ್ಕೆ, ತಂದೇ ಹೋಲಿಸಬೇಕು. ಮಲಯಾಳದ ಚಿಲ್ಲಕ್ಷರಕ್ಕೆ (ಸ್ವರವಿಲ್ಲದ ವ್ಯಂಜನದ ವಿಶೇಷ ರೂಪ) ಅದೂ ಸಾಲದು. 2008ರ ಯೂನಿಕೋಡ್ 5.1ರಲ್ಲಿ ಚಿಲ್ಲಿಗೆ ಸ್ವಂತ ಸಂಕೇತ ಬಂತು. ಹಳೆಯ ಬರಹದಲ್ಲಿ ವ್ಯಂಜನ, ಚಂದ್ರಕ್ಕಲ (ಸ್ವರ ತೆಗೆಯುವ ಚಿಹ್ನೆ), ಜೋಡಿಸುವ ಅದೃಶ್ಯ ಅಕ್ಷರ ಹೀಗೆ ಮೂರು. ಎನ್‌ಎಫ್‌ಸಿ ಇವೆರಡನ್ನು ಒಂದು ಮಾಡುವುದಿಲ್ಲ, ಅದಕ್ಕೆ ನಾವೇ ಕೋಷ್ಟಕ ಬರೆಯಬೇಕಾಯಿತು. ಈ ತಿದ್ದುಪಡಿ ಹೆಸರಿಗೆ ಮಾತ್ರ. ಉದ್ಧರಣ ಚಿಹ್ನೆಯೊಳಗಿನ ಪಠ್ಯ ಇದ್ದ ಹಾಗೇ ದಾಟಬೇಕು, ಅನುವಾದದ ಟೂಲು ಹುಡುಕುವುದು ಅದೇ ಬೈಟುಗಳನ್ನು.

@ತಪಾಸಣೆ.ಬಿಡಿ ಎಂದು ತಪ್ಪಾಗಿ ಬರೆದರೆ ಕಂಪೈಲರ್ ಮಾತಾಡದು. ಕೂಗಬೇಕಾದ್ದು ಲಿಂಟರ್: ಗೊತ್ತಿಲ್ಲದ ಹೆಸರಿಗೂ, ಏನನ್ನೂ ತಡೆಯದೆ ಉಳಿದ ಹಳೆಯ ‘ಬಿಡು’ವಿಗೂ.