ತೀರ್ಮಾನ ಯಾವುದು ಅಂತ ಗೊತ್ತಾಗದಿದ್ದರೆ ‘ಆದ್ದರಿಂದ’ ಹಾಕಿ ನೋಡಿ
ಆನ್‌ಲೈನ್‌ನಲ್ಲಿ ತರ್ಕದ ಕೋರ್ಸ್ ಮಾಡುತ್ತಿರುವವರಿಗೆ ಒಂದು ಸಣ್ಣ ಉಪಾಯ. ವಾದದಲ್ಲಿ ಆಧಾರ ಯಾವುದು, ತೀರ್ಮಾನ ಯಾವುದು ಅಂತ ಗೊಂದಲವಾದರೆ ವಿಡಿಯೊ ನಿಲ್ಲಿಸಿ, ಎರಡು ವಾಕ್ಯಗಳ ನಡುವೆ ‘ಆದ್ದರಿಂದ’ ಸೇರಿಸಿ ಜೋರಾಗಿ ಓದಿ, ಆಮೇಲೆ ತಿರುಗಿಸಿ ಓದಿ. ‘ಬ್ಯಾಟರಿ ಅರ್ಧ ದಿನವೂ ಬರಲ್ಲ, ಆದ್ದರಿಂದ ಈ ಫೋನ್ ಕೊಳ್ಳಬೇಡಿ’ ಸರಾಗವಾಗಿ ಹೋಗುತ್ತೆ. ‘ಈ ಫೋನ್ ಕೊಳ್ಳಬೇಡಿ, ಆದ್ದರಿಂದ ಬ್ಯಾಟರಿ ಅರ್ಧ ದಿನವೂ ಬರಲ್ಲ’ ಅಂದರೆ ನಗು ಬರುತ್ತೆ. ಆಧಾರದಿಂದ ತೀರ್ಮಾನಕ್ಕೆ ಒಂದೇ ದಿಕ್ಕಿನ ದಾರಿ. ಜೋರಾಗಿ ಓದಿದರೆ ತಪ್ಪು ದಿಕ್ಕು ಕಿವಿಗೆ ಗೊತ್ತಾಗುತ್ತೆ. ಹೇಳದೆ ಬಿಟ್ಟ ಆಧಾರವೂ (ಇಲ್ಲಿ, ‘ಬ್ಯಾಟರಿ ಅರ್ಧ ದಿನವೂ ಬರದ ಫೋನ್ ಬೇಡ’) ಆ ‘ಆದ್ದರಿಂದ’ದ ಹತ್ತಿರವೇ ಸಿಗುತ್ತೆ, ನನಗಂತೂ ಇದೇ ದೊಡ್ಡ ಲಾಭ. ಆದರೆ ಕಾರಣ-ಪರಿಣಾಮದ ಮಾತಿದ್ದಾಗ ಉಪಾಯ ಕೈಕೊಡುತ್ತೆ: ‘ದೀಪ ಉರಿಯುತ್ತಿದೆ, ಆದ್ದರಿಂದ ಒಳಗೆ ಯಾರೋ ಇದ್ದಾರೆ’, ‘ಒಳಗೆ ಯಾರೋ ಇದ್ದಾರೆ, ಆದ್ದರಿಂದ ದೀಪ ಉರಿಯುತ್ತಿದೆ’, ಎರಡೂ ಸರಿ ಅನಿಸುತ್ತವೆ. ಆಗ ಕೇಳುವವರಿಗೆ ಯಾವುದರ ಬಗ್ಗೆ ಅನುಮಾನ ಇರಬಹುದು ಅಂತ ನೋಡಿ. ದೀಪ ಎಲ್ಲರಿಗೂ ಕಾಣುತ್ತಿದ್ದರೆ, ಒಳಗೆ ಯಾರೋ ಇರುವುದೇ ತೀರ್ಮಾನ. ವ್ಯಂಗ್ಯದ ಬರಹಕ್ಕೆ ಮಾತ್ರ ಇದನ್ನು ಹಚ್ಚಲು ಹೋಗಬೇಡಿ, ಅಲ್ಲಿ ಹೇಳುವುದೊಂದು, ಅರ್ಥ ಇನ್ನೊಂದು.