ಎರಡು ದೇಶಗಳ ಬದುಕನ್ನು ಹೋಲಿಸುವುದು ಹೇಗೆ?

2020ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಅಂದಾಜು ಹೊರಬಿತ್ತು: ಆ ವರ್ಷ ಬಾಂಗ್ಲಾದೇಶದ ತಲಾ ಜಿಡಿಪಿ (ದೇಶದ ಒಟ್ಟು ಉತ್ಪಾದನೆಯನ್ನು ಜನಸಂಖ್ಯೆಯಿಂದ ಭಾಗಿಸಿದ ಮೊತ್ತ) 1,888 ಡಾಲರ್, ಭಾರತದ್ದು 1,877. ಹನ್ನೊಂದು ಡಾಲರ್ ಅಂತರಕ್ಕೆ ಟಿ.ವಿ. ಚರ್ಚೆಗಳಲ್ಲಿ ಕೆಲವರು ಭಾರತ ಮುಳುಗಿತೆಂದು ಎದೆ ಬಡಿದುಕೊಂಡರು, ಉಳಿದವರು ಲೆಕ್ಕವೇ ಸುಳ್ಳೆಂದರು. ಎರಡೂ ಕಡೆಯವರು ಎಡವಿದ್ದು ಒಂದೇ ಜಾಗದಲ್ಲಿ. ಅದೇ ಜೋಡಿಯನ್ನು ಇಟ್ಟುಕೊಂಡು ಹೋಲಿಕೆಯ ಕ್ರಮವನ್ನು ನೋಡೋಣ.

ಮೊದಲು ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಅಂಕಿ ಕಂಡ ಮೇಲೆ ಅದನ್ನು ತಿದ್ದಬೇಡಿ.

ಎರಡನೆಯದು, ವರ್ಷ ಹೊಂದಿಸುವುದು. ನಮ್ಮ ಆರ್ಥಿಕ ವರ್ಷ ಏಪ್ರಿಲ್‌ನಲ್ಲಿ ಶುರುವಾದರೆ ಅವರದು ಜುಲೈನಲ್ಲಿ. ಅವರು 2022ರಲ್ಲಿ ಜನಗಣತಿ ಮುಗಿಸಿದರು. ನಮ್ಮಲ್ಲಿ 2021ರದು ಮುಂದಕ್ಕೆ ಹೋಯಿತು. ಹಾಗಾಗಿ ಈಚಿನ ವರ್ಷಗಳ ನಮ್ಮ ‘ತಲಾ’ ಲೆಕ್ಕಗಳೆಲ್ಲ 2011ರ ಗಣತಿಯಿಂದ ಮುಂದುವರಿಸಿದ ಅಂದಾಜಿನ ಮೇಲೆ ನಿಂತಿವೆ.

ಮೂರನೆಯದು ಹಣ. ಜನ ಎಡವುವುದು ಇಲ್ಲೇ, ಆದ್ದರಿಂದ ನಿಧಾನಿಸಿ. ಮಾರುಕಟ್ಟೆ ದರದಲ್ಲಿ ಡಾಲರ್‌ಗೆ ಬದಲಿಸಿದ ಆದಾಯ ವಿದೇಶಿ ವಿನಿಮಯದ ಏರಿಳಿತವನ್ನೂ ಹೊತ್ತು ತರುತ್ತದೆ. 2020ರಲ್ಲಿ ಡಾಲರ್‌ಗೆ ಬಾಂಗ್ಲಾದೇಶದ ಹಣ ಟಾಕಾ ಸುಮಾರು 85 ಇತ್ತು. 2024ರ ಕೊನೆಗೆ ಸುಮಾರು 120 ಆಯಿತು. ನಡುವೆ 2023ರಲ್ಲಿ ಬಾಂಗ್ಲಾದೇಶದ ಉತ್ಪಾದನೆ ಬೆಳೆದರೂ ಡಾಲರ್ ಲೆಕ್ಕದ ತಲಾ ಜಿಡಿಪಿ ಇಳಿಯಿತು. ಢಾಕಾದ ರಿಕ್ಷಾ ಬಾಡಿಗೆ, ಕ್ಷೌರ, ಮನೆ ಬಾಡಿಗೆ ಯಾವುದನ್ನೂ ಡಾಲರ್‌ನಲ್ಲಿ ಕೊಡುವುದಿಲ್ಲವಲ್ಲ! ಸ್ಥಳೀಯ ಬೆಲೆಗಳನ್ನು ಹೊಂದಿಸಿ ಲೆಕ್ಕ ಹಾಕುವ ‘ಕೊಳ್ಳುವ ಶಕ್ತಿ ಸಮಾನತೆ’ಯನ್ನೇ ಬಳಸಿ. ಆ ಲೆಕ್ಕದಲ್ಲಿ ಅದೇ 2020ರ ಅಂದಾಜು ಭಾರತಕ್ಕೆ 6,284 ಡಾಲರ್, ಬಾಂಗ್ಲಾದೇಶಕ್ಕೆ 5,139. ಗೆದ್ದೆವೆಂದು ಇಲ್ಲಿಗೇ ನಿಲ್ಲಿಸುವವರೂ ಇದ್ದಾರೆ, ನಿಲ್ಲಿಸಬೇಡಿ. ಈ ಲೆಕ್ಕದಲ್ಲೂ ಒಂದು ಗುಂಡಿಯಿದೆ: ಜಾಗತಿಕ ಬೆಲೆ ಸಮೀಕ್ಷೆಗಳು 2011, 2017, 2021 ಎಂದು ಸುತ್ತುಗಳಲ್ಲಿ ನಡೆದಿವೆ. ಒಂದು ದೇಶಕ್ಕೆ 2017ರ ಬೆಲೆಯನ್ನೂ ಇನ್ನೊಂದಕ್ಕೆ 2021ರದ್ದನ್ನೂ ಹಾಕಿದರೆ ಲೆಕ್ಕ ಕೆಟ್ಟಿತು. ಮೂಲ ವರ್ಷ, ಅಂದರೆ ಜಿಡಿಪಿ ಎಣಿಸಲು ಆಧಾರವಾಗಿಟ್ಟ ವರ್ಷ, ಬದಲಾಗಿದೆಯೇ ಎಂದೂ ನೋಡಿ. 2021ರಲ್ಲಿ ಬಾಂಗ್ಲಾದೇಶ ತನ್ನ ಜಿಡಿಪಿಯ ಮೂಲ ವರ್ಷವನ್ನು 2005-06ರಿಂದ 2015-16ಕ್ಕೆ ತಂದಾಗ ಆರ್ಥಿಕತೆಯ ಗಾತ್ರ ಕಾಗದದ ಮೇಲೆ ಒಮ್ಮೆಗೇ ಹಿಗ್ಗಿತು. ಅಂದು ಸಂಜೆ ಯಾರ ಮನೆಯಲ್ಲೂ ಹೆಚ್ಚು ಅನ್ನ ಬೇಯಲಿಲ್ಲ.

ಊರುಗಳಿಗೆ ಓದುಗರಿಂದಲೇ ಅಂಕ ಹಾಕಿಸಿ ‘ಜೀವನ ಗುಣಮಟ್ಟ’ದ ಪಟ್ಟಿ ಮಾಡುವ ಜಾಲತಾಣಗಳಿವೆ. ಅವುಗಳ ಹತ್ತಿರ ಸುಳಿಯಬೇಡಿ. ಅಲ್ಲಿ ಅಂಕ ಹಾಕಲು ಗಾರ್ಮೆಂಟ್ಸ್ ಕಾರ್ಮಿಕರು ಬರುವುದಿಲ್ಲ.

ನಾಲ್ಕನೆಯದು, ಹಣ ಬಿಟ್ಟು ದೇಹವನ್ನು ನೋಡುವುದು. ವಿಶ್ವಸಂಸ್ಥೆಯ 2025ರ ಮಾನವ ಅಭಿವೃದ್ಧಿ ವರದಿಯ ಸೂಚ್ಯಂಕದಲ್ಲಿ ಎರಡೂ ದೇಶಗಳಿಗೆ ಒಂದಕ್ಕೆ 0.685 ಅಂಕ, 130ನೇ ಸ್ಥಾನ. ಒಳಗೆ ಇಣುಕಿದರೆ ಆದಾಯ ಮತ್ತು ಶಾಲಾ ವರ್ಷಗಳಲ್ಲಿ ನಾವು ತುಸು ಮುಂದೆ. ಆಯಸ್ಸಿನಲ್ಲಿ ಅವರು ಮುಂದೆ, 72ಕ್ಕೆ ಎದುರಾಗಿ 74.7 ವರ್ಷ. ಎಲ್ಲವನ್ನೂ ಒಂದೇ ಅಂಕೆಗೆ ಅರೆಯುವ ಸೂಚ್ಯಂಕವನ್ನು ಕೊನೆಯಲ್ಲಿ ನೋಡಿದರೆ ಸಾಕು. ನಾನಾದರೆ ಮಕ್ಕಳ ಎತ್ತರದಿಂದ ಶುರು ಮಾಡುತ್ತೇನೆ, ಅದಕ್ಕೆ ವಿನಿಮಯ ದರದ ಹಂಗಿಲ್ಲ. ವಯಸ್ಸಿಗೆ ತಕ್ಕ ಎತ್ತರವಿಲ್ಲದ ಐದು ವರ್ಷದೊಳಗಿನ ಮಕ್ಕಳು ಭಾರತದಲ್ಲಿ ಶೇ 35.5 (2019-21), ಬಾಂಗ್ಲಾದೇಶದಲ್ಲಿ ಶೇ 24 (2022). ಅಂತರ ಕಂಡಲ್ಲಿ ಕಾರಣ ಹುಡುಕಿ. ಪದೇ ಪದೇ ಭೇದಿಯಾಗುವ ಮಗುವಿನ ಬೆಳವಣಿಗೆ ಕುಂಠಿತವಾಗುತ್ತದೆ. 1980ರ ದಶಕದಲ್ಲೇ ಬಾಂಗ್ಲಾದೇಶದ ಸ್ವಯಂಸೇವಾ ಸಂಸ್ಥೆ ಬ್ರಾಕ್‌ನ ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ಭೇದಿಯಾದ ಮಗುವಿಗೆ ಉಪ್ಪು ಬೆಲ್ಲ ಬೆರೆಸಿದ ನೀರು ಕುಡಿಸುವುದನ್ನು ತಾಯಂದಿರಿಗೆ ಕಲಿಸಿದರು. ಬಯಲು ಶೌಚವೂ ಅಲ್ಲಿ ನಮಗಿಂತ ಮೊದಲೇ ಬಹುಪಾಲು ನಿಂತಿತು. ನಮ್ಮಲ್ಲಿ 2019-21ರಲ್ಲೂ ಶೇ 19 ಕುಟುಂಬಗಳು ಶೌಚಾಲಯ ಬಳಸುತ್ತಿರಲಿಲ್ಲ.

ಕೊನೆಯದು, ದೊಡ್ಡ ದೇಶವನ್ನು ಬಿಡಿಸಿ ನೋಡುವುದು. ಬಾಂಗ್ಲಾದೇಶಕ್ಕೆ ತಕ್ಕ ಜೋಡಿ ಇಡೀ ಭಾರತವಲ್ಲ, ಪಶ್ಚಿಮ ಬಂಗಾಳ: ಅದೇ ಭಾಷೆ, ಅದೇ ನದಿ ಬಯಲು, ಅದೇ ಮೀನು ಅನ್ನ. ಅಲ್ಲಿ ಕುಂಠಿತ ಬೆಳವಣಿಗೆಯ ಮಕ್ಕಳು ಶೇ 33.8. ಕೇರಳದಲ್ಲಿ ಶೇ 23.4, ನಮ್ಮ ಕರ್ನಾಟಕದಲ್ಲಿ ಶೇ 35.4. ನೀವು ಮಾಡುವ ಪಟ್ಟಿಯಲ್ಲಿ ಪ್ರತಿ ಅಂಕಿಯ ಪಕ್ಕ ವರ್ಷವನ್ನೂ ಸಮೀಕ್ಷೆಯ ಹೆಸರನ್ನೂ ಬರೆಯಿರಿ. ಅವೆರಡೂ ಸಿಗದ ಅಂಕಿಯನ್ನು, ನಿಮ್ಮ ವಾದಕ್ಕೆ ಎಷ್ಟೇ ಹೊಂದುವಂತಿದ್ದರೂ, ಹೊಡೆದುಹಾಕಿ.